ಪುಕ್ಕಟೆ ಸಾಫ್ಟ್‌ವೇರ್‌ಗೆ ಯಜಮಾನರು ಯಾರು?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿಯ ಮಹಿಳಾ ಸ್ವಸಹಾಯ ಸಂಘ. ಹದಿನಾಲ್ಕು ಜನ ಇದ್ದೇವೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ, ಮುರುಗಲು ಸಿಪ್ಪೆ ಮಾರುತ್ತೇವೆ. ಆರು ವರ್ಷದ ಹಿಂದೆ ನಮ್ಮ ಸದಸ್ಯೆಯೊಬ್ಬರ ತಮ್ಮ ವರ್ಡ್‌ಪ್ರೆಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅವನೀಗ ಪುಣೆಯಲ್ಲಿದ್ದಾನೆ, ಫೋನ್ ಎತ್ತುವುದೇ ಅಪರೂಪ. ಹೋದ ತಿಂಗಳು ಬೆಂಗಳೂರಿನ ಗಿರಾಕಿಯೊಬ್ಬರು ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಸಂಘದ ಹೆಸರಿನ ಕೆಳಗೆ ಜಪಾನಿ ಅಕ್ಷರ, ಶೂ ಜಾಹೀರಾತು. ನಾವು ತೆರೆದರೆ ಸೈಟ್ ಸರಿಯಾಗೇ ಇದೆ! ಒಂದು ಕಂಪನಿಯವರನ್ನು ಕೇಳಿದೆವು. ‘ಪುಕ್ಕಟೆ ಸಾಫ್ಟ್‌ವೇರ್ ಹಾಕಿದರೆ ಹೀಗೇ. ಅದರ ಕೋಡ್ ಎಲ್ಲರಿಗೂ ಕಾಣುತ್ತದೆ, ಕಳ್ಳರಿಗೂ ಕಾಣುತ್ತದೆ. ನಮ್ಮದೇ ಸ್ವಂತ ಸಾಫ್ಟ್‌ವೇರ್ ಇದೆ, 80,000 ರೂಪಾಯಿ, ಆಮೇಲೆ ವರ್ಷಕ್ಕೆ 15,000’ ಎಂದರು. ವರ್ಡ್‌ಪ್ರೆಸ್‌ನವರೇ ಜಗಳ ಮಾಡಿಕೊಂಡು ಕೋರ್ಟಿಗೆ ಹೋಗಿದ್ದಾರೆ, ಯಾವಾಗ ಬೇಕಾದರೂ ಮುಚ್ಚಬಹುದು ಅಂತಲೂ ಹೆದರಿಸಿದರು. ನಮ್ಮ ಅತ್ತೆ ‘ಪುಕ್ಕಟೆ ಬಂದದ್ದು ಪುಕ್ಕಟೆನೇ ಹೋಗ್ತು’ ಎನ್ನುತ್ತಾರೆ. ಇಷ್ಟು ದೊಡ್ಡ ಸಾಫ್ಟ್‌ವೇರ್ ಯಾರು, ಯಾಕೆ ಪುಕ್ಕಟೆ ಮಾಡಿ ಕೊಡುತ್ತಾರೆ? ಅವರು ಕೈಬಿಟ್ಟರೆ ನಮ್ಮ ಗತಿ ಏನು? ಇನ್ನೊಂದು, ಸೈಟಿನಲ್ಲಿರುವ ಬೆಲೆಪಟ್ಟಿಯ ಕನ್ನಡ ಅಕ್ಷರ ಒಡೆದು ಏನೇನೋ ಕಾಣುತ್ತದೆ. ಅದೂ ಕಳ್ಳರದೇ ಕೆಲಸವೇ?

ಉತ್ತರ: ಕೊನೆಯದಕ್ಕೆ ಮೊದಲು ಸಮಾಧಾನ ಹೇಳುತ್ತೇನೆ. ಬೆಲೆಪಟ್ಟಿ ಕೆಡಿಸಿದ್ದು ಕಳ್ಳರಲ್ಲ. ಅದಕ್ಕೆ ಕೊನೆಗೆ ಬರುತ್ತೇನೆ. ಮತ್ತೆ ಆ 80,000 ರೂಪಾಯಿ? ಸದ್ಯಕ್ಕೆ ಕೊಡಬೇಡಿ.

ಪತ್ರದ ಜೊತೆ ವಿಳಾಸ ಕಳಿಸಿದ್ದು ಒಳ್ಳೆಯದಾಯಿತು. ನಿಮ್ಮ ಸೈಟನ್ನು ತೆರೆದು ಅದರ ಪುಟದ ಹಿಂದಿನ ಬರಹ ನೋಡಿದೆ. ಅಲ್ಲಿ ವರ್ಡ್‌ಪ್ರೆಸ್ 5.2 ಎಂದಿದೆ. ಅದು 2019ರ ಮೇ ತಿಂಗಳಲ್ಲಿ ಬಂದದ್ದು. ಅಂದರೆ ಸೈಟ್ ಹುಟ್ಟಿದ ದಿನದಿಂದ ಇವತ್ತಿನವರೆಗೆ ಅದನ್ನು ಯಾರೂ ಮುಟ್ಟಿಲ್ಲ. ಸಣ್ಣಪುಟ್ಟ ರಿಪೇರಿ ತಾನಾಗಿಯೇ ಆಗುವ ವ್ಯವಸ್ಥೆ ವರ್ಡ್‌ಪ್ರೆಸ್‌ನಲ್ಲಿ 2013ರಿಂದಲೇ ಇದೆ. ನಿಮ್ಮಲ್ಲಿ ಅದನ್ನೂ ಬಂದ್ ಮಾಡಿ ಇಟ್ಟಂತಿದೆ. ಅಪ್‌ಡೇಟ್ ಆಗಿ ಸೈಟಿನ ಚಂದ ಕೆಟ್ಟರೆ ಫೋನ್ ಬರುತ್ತದೆ ಅಂತ ಮಾಡಿಕೊಡುವವರು ಹೀಗೆ ಮಾಡುವುದುಂಟು. ಹುಡುಗನನ್ನು ಬೈಯಬೇಡಿ. ನಾನೂ ಆ ವಯಸ್ಸಿನಲ್ಲಿ ಅದನ್ನೇ ಮಾಡಿದ್ದೆ.

ಇದನ್ನು ನಿಮಗೆ ತೋಟದ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ಹೊಡೆಸುತ್ತೀರಿ. ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆರು ಮಳೆಗಾಲ ಮದ್ದೇ ಕಾಣದ ತೋಟಕ್ಕೆ ಕೊಳೆ ಬಂದರೆ ಅಡಿಕೆ ತಳಿಯನ್ನು ಬೈಯುತ್ತೀರಾ?

ಈಗ ಜಪಾನಿ ಅಕ್ಷರದ ಕತೆ. ಇದು ನಮ್ಮ ಕಸುಬಿನಲ್ಲಿ ತುಂಬ ಹಳೆಯ, ತುಂಬ ಸಾಮಾನ್ಯವಾದ ರೋಗ. ಯಾರೋ ಕೂತು ನಿಮ್ಮ ಸಂಘದ ಮೇಲೇ ಕಣ್ಣು ಹಾಕಿದ್ದಲ್ಲ. ಜಗತ್ತಿನ ಸೈಟುಗಳ ಬಾಗಿಲನ್ನೆಲ್ಲ ಹಗಲೂ ರಾತ್ರಿ ತಟ್ಟುತ್ತ ಹೋಗುವ ಪ್ರೋಗ್ರಾಮ್‌ಗಳಿವೆ. ಎಲ್ಲಿ ಹಳೆಯ ತೂತು ಇದೆಯೋ ಅಲ್ಲಿ ನುಗ್ಗುತ್ತವೆ. ಅವಕ್ಕೆ ನಿಮ್ಮ ಉಪ್ಪಿನಕಾಯಿ ದುಡ್ಡು ಬೇಡ. ಗೂಗಲ್‌ನಲ್ಲಿ ನಿಮ್ಮ ಸೈಟಿಗೆ ಆರು ವರ್ಷದಲ್ಲಿ ಬಂದ ಒಳ್ಳೆಯ ಹೆಸರಿದೆಯಲ್ಲ, ಅದು ಬೇಕು. ಆ ಹೆಸರಿನ ಅಡಿಯಲ್ಲಿ ನಕಲಿ ಶೂ ಅಂಗಡಿಯ ಸಾವಿರಾರು ಪುಟ ತುರುಕುತ್ತವೆ. ಗೂಗಲ್‌ನ ಹುಡುಕುವ ಯಂತ್ರ ಬಂದಾಗ ಮಾತ್ರ ಆ ಪುಟ ತೋರಿಸುತ್ತವೆ. ಮನೆಯವರು ಬಂದರೆ ಹಳೆಯ ಚಂದದ ಪುಟವನ್ನೇ ತೋರಿಸುತ್ತವೆ. ಅದಕ್ಕೇ ನಿಮಗೆ ಎಲ್ಲ ಸರಿಯಾಗಿ ಕಂಡದ್ದು. ಸ್ಕ್ರೀನ್‌ಶಾಟ್ ಕಳಿಸಿದ ಗಿರಾಕಿಗೆ ಒಂದು ಬಾಟ್ಲಿ ಉಪ್ಪಿನಕಾಯಿ ಕಳಿಸಿ, ದೊಡ್ಡ ಉಪಕಾರ ಮಾಡಿದ್ದಾರೆ.

ಕಂಪನಿಯವರು ಹೇಳಿದ ಮಾತಿನಲ್ಲಿ ಅರ್ಧ ನಿಜ ಇದೆ. ಕೋಡ್, ಅಂದರೆ ಸಾಫ್ಟ್‌ವೇರ್ ಏನು ಮಾಡಬೇಕು ಅಂತ ಬರೆದ ಬರಹ, ಎಲ್ಲರಿಗೂ ಕಾಣುತ್ತದೆ, ಹೌದು. ಆದರೆ ಕೋಡ್ ಬೇರೆ, ನಿಮ್ಮ ಪಾಸ್‌ವರ್ಡ್ ಬೇರೆ. ನಮ್ಮ ಕಡೆ ಹಳೆಯ ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ನಕ್ಷೆ. ಜಗಲಿ ಎಲ್ಲಿ, ನಡುಮನೆ ಎಲ್ಲಿ, ಹಿತ್ತಿಲ ಬಾಗಿಲು ಎಲ್ಲಿ ಅಂತ ಯಾರು ಬೇಕಾದರೂ ಕಣ್ಣುಮುಚ್ಚಿ ಹೇಳಬಹುದು. ಅಷ್ಟಕ್ಕೇ ಕಳವು ಆಗುವುದಿಲ್ಲ. ಹಿತ್ತಿಲ ಬಾಗಿಲಿಗೆ ಅಗಳಿ ಹಾಕದಿದ್ದರೆ ಆಗುತ್ತದೆ. ಕೋಡ್ ಮುಚ್ಚಿಟ್ಟ ಸಾಫ್ಟ್‌ವೇರ್‌ಗಳಿಗೂ ಕಳ್ಳರು ನುಗ್ಗುತ್ತಲೇ ಇರುತ್ತಾರೆ. ನಿಮ್ಮ ಕಂಪ್ಯೂಟರಿನ ವಿಂಡೋಸ್‌ಗೆ ತಿಂಗಳು ತಿಂಗಳು ಅಪ್‌ಡೇಟ್ ಬರುವುದು ಸುಮ್ನೆ ಅಲ್ಲ.

ಹಾಗಂತ ಇನ್ನೊಂದು ಕಡೆಯ ಕಟ್ಟುಕತೆಯನ್ನೂ ನಂಬಬೇಡಿ. ಹೀಗೆ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್‌ಗೆ ಓಪನ್ ಸೋರ್ಸ್ ಎನ್ನುತ್ತಾರೆ. ಅದರ ಅಭಿಮಾನಿಗಳು ‘ಸಾವಿರ ಕಣ್ಣು ನೋಡುತ್ತಿರುತ್ತವೆ, ಆದ್ದರಿಂದ ಭದ್ರ’ ಎನ್ನುತ್ತಾರೆ. ನೋಡಬಹುದು ಎಂಬುದು ನಿಜ. ನೋಡುತ್ತಾರೆ ಎಂಬ ಗ್ಯಾರಂಟಿ ಇಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದು ದೊಡ್ಡ ತೂತು ಸಿಕ್ಕಿತು. ಹಾರ್ಟ್‌ಬ್ಲೀಡ್ ಅಂತ ಅದಕ್ಕೆ ಹೆಸರು. ಜಗತ್ತಿನ ವೆಬ್‌ಸೈಟುಗಳ ಬಹುದೊಡ್ಡ ಪಾಲು ತಮ್ಮ ಗುಟ್ಟು ಕಾಯುವ ಕೆಲಸವನ್ನು ಈ ಸಾಫ್ಟ್‌ವೇರ್‌ಗೇ ವಹಿಸಿದ್ದವು. ತೂತು ಎರಡು ವರ್ಷದಿಂದ ಎಲ್ಲರ ಕಣ್ಣೆದುರೇ ಇತ್ತು. ಅಷ್ಟು ಜನ ಬಳಸುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ. ಊರಿನವರೆಲ್ಲ ದಾಟುವ ಸಂಕ, ಕಂಬ ಬದಲಿಸಲು ಬರುವವರು ಮಾತ್ರ ಇಬ್ಬರು. ಗೊತ್ತಲ್ಲ ಆ ಪರಿಸ್ಥಿತಿ.

ಕೋಡ್ ಕಾಣುವುದರಿಂದ ಆಗುವ ನಿಜವಾದ ಅಪಾಯ ಬೇರೆ ಕಡೆ ಇದೆ. ಒಂದು ತೂತು ಮುಚ್ಚಿದ ಹೊಸ ಆವೃತ್ತಿ ಬಂದ ಕೂಡಲೇ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೂತು ಎಲ್ಲಿತ್ತು ಎಂದು ಕಳ್ಳರಿಗೂ ತಿಳಿಯುತ್ತದೆ. ಆಮೇಲೆ ಅದು ಓಟದ ಪಂದ್ಯ. 2014ರ ಅಕ್ಟೋಬರ್ 15ರಂದು ಡ್ರೂಪಲ್ ಎಂಬ ಇನ್ನೊಂದು ಇಂಥದ್ದೇ ಸಾಫ್ಟ್‌ವೇರ್ ಒಂದು ತುರ್ತು ರಿಪೇರಿ ಬಿಟ್ಟಿತು. ಎರಡು ವಾರದ ನಂತರ ಅವರದೇ ಭದ್ರತಾ ತಂಡ ಹೀಗೆ ಹೇಳಿತು: ಸುದ್ದಿ ಹೊರಬಿದ್ದ 7 ಗಂಟೆಯೊಳಗೆ ಅಪ್‌ಡೇಟ್ ಮಾಡದಿದ್ದ ಸೈಟುಗಳು ಕಳ್ಳರ ಕೈಸೇರಿವೆ ಎಂದೇ ತಿಳಿಯಿರಿ. ಏಳು ಗಂಟೆ! ನೀವು ಆರು ವರ್ಷ ಬಿಟ್ಟಿದ್ದೀರಿ. ಇಷ್ಟು ದಿನ ಉಳಿದದ್ದೇ ಮಾರಿಕಾಂಬೆಯ ದಯೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಯಾರು, ಯಾಕೆ ಪುಕ್ಕಟೆ ಮಾಡುತ್ತಾರೆ?

ಇಂಥ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಯಾರದೋ ಸಣ್ಣ ಸ್ವಂತ ಅಗತ್ಯಕ್ಕೆ ಹುಟ್ಟಿದವು. ಡ್ರೂಪಲ್ ಹುಟ್ಟಿದ್ದು ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ. ಡ್ರೀಸ್ ಬೈಟಾರ್ಟ್ ಎಂಬ ವಿದ್ಯಾರ್ಥಿ ಹಾಸ್ಟೆಲಿನ ಗೆಳೆಯರ ನಡುವೆ ಸುದ್ದಿ ಹಂಚಿಕೊಳ್ಳಲು ಮಾಡಿದ ಪುಟ್ಟ ತಾಣ ಅದು. ಅದಕ್ಕೆ ‘ಡಾರ್ಪ್’ ಎಂದು ಹೆಸರಿಡಲು ಹೊರಟಿದ್ದ. ಡಚ್ ಭಾಷೆಯಲ್ಲಿ ಡಾರ್ಪ್ ಎಂದರೆ ಹಳ್ಳಿ. ಹೆಸರು ನೋಂದಾಯಿಸುವಾಗ ಅಕ್ಷರ ಅದಲುಬದಲಾಗಿ ‘ಡ್ರಾಪ್’ ಆಯಿತು. ಡ್ರಾಪ್ ಅಂದರೆ ಹನಿ, ಡಚ್‌ನಲ್ಲಿ ಹನಿಗೆ ‘ಡ್ರುಪೆಲ್’. ಹಾಗೆ ಡ್ರೂಪಲ್. 2001ರ ಜನವರಿಯಲ್ಲಿ ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಹಳ್ಳಿ ಆಗಬೇಕಿದ್ದದ್ದು ಹನಿ ಆಯಿತು. ಅದೇ ಹನಿ 2009ರಲ್ಲಿ ಅಮೆರಿಕದ ಅಧ್ಯಕ್ಷರ ಕಚೇರಿಯ ಸೈಟಿನವರೆಗೂ ಹೋಯಿತು.

ನಿಮ್ಮ ವರ್ಡ್‌ಪ್ರೆಸ್ ಕತೆ ನಿಮ್ಮ ಭಯಕ್ಕೆ ನೇರ ಉತ್ತರ. ಯಾಕೆಂದರೆ ಅದು ಹುಟ್ಟಿದ್ದೇ ಒಬ್ಬರು ಕೈಬಿಟ್ಟದ್ದರಿಂದ. ಮಿಶೆಲ್ ವಾಲ್ದ್ರಿಘಿ ಎಂಬ ಫ್ರೆಂಚ್ ಪ್ರೋಗ್ರಾಮರ್ 2001ರಲ್ಲಿ ಬಿ2 ಎಂಬ ಸಾಫ್ಟ್‌ವೇರ್ ಬರೆದಿದ್ದರು. ಒಂದೆರಡು ವರ್ಷದಲ್ಲಿ ಅವರ ಸದ್ದೇ ಇಲ್ಲ. ಅಪ್‌ಡೇಟ್ ನಿಂತಿತು. ಬಳಸುತ್ತಿದ್ದವರು ಕಂಗಾಲು. ಆದರೆ ಬಿ2 ಜಿಪಿಎಲ್ ಎಂಬ ಪರವಾನಗಿಯ ಅಡಿಯಲ್ಲಿ ಇತ್ತು. ಅಂದರೆ ಯಾರು ಬೇಕಾದರೂ ಅದನ್ನು ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಒಂದೇ ಕಟ್ಟಳೆ: ಹಂಚುವಾಗ ಪಡೆಯುವವರಿಗೂ ಇದೇ ಹಕ್ಕು ಕೊಡಬೇಕು. ಅಮೆರಿಕದ ಹ್ಯೂಸ್ಟನ್‌ನ ಹತ್ತೊಂಬತ್ತರ ಹುಡುಗ ಮ್ಯಾಟ್ ಮುಲ್ಲನ್‌ವೆಗ್, ಇಂಗ್ಲೆಂಡಿನ ಮೈಕ್ ಲಿಟಲ್ ಇಬ್ಬರೂ ಸೇರಿ ಬಿ2ವಿನ ಕೋಡ್ ಎತ್ತಿಕೊಂಡು ಮುಂದುವರಿಸಿದರು. 2003ರ ಮೇ 27ರಂದು ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲಿ ಹೊರಬಂತು. ಮೂಲ ಲೇಖಕರ ಮನೆ ಬಾಗಿಲಿಗೆ ಹೋಗಿ ಅಪ್ಪಣೆ ಕೇಳುವ ಪ್ರಶ್ನೆಯೇ ಇರಲಿಲ್ಲ. ಅಪ್ಪಣೆ ಪರವಾನಗಿಯಲ್ಲೇ ಇತ್ತು.

ಇದಕ್ಕಿಂತ ಸೊಗಸಾದದ್ದು ಸೈಟ್ ಕಟ್ಟುವ ಇನ್ನೊಂದು ಸಾಫ್ಟ್‌ವೇರ್ ಜೂಮ್ಲಾದ ಕತೆ. ಅದರ ಮೊದಲ ಹೆಸರು ಮಾಂಬೋ. ಅದರ ಹಿಂದೆ ಆಸ್ಟ್ರೇಲಿಯದ ಒಂದು ಕಂಪನಿ ಇತ್ತು. 2005ರ ಆಗಸ್ಟ್‌ನಲ್ಲಿ ಯಾರ ಮಾತು ನಡೆಯಬೇಕು ಎಂಬುದರ ಮೇಲೆ ಮನಸ್ತಾಪ ಬಂದು, ಬರೆಯುತ್ತಿದ್ದವರ ತಂಡ ಒಟ್ಟಾಗಿ ಹೊರಗೆ ನಡೆಯಿತು. ಮಾಂಬೋ ಹೆಸರು ಕಂಪನಿಯ ಕಡೆಯೇ ಉಳಿಯಿತು. ಕೋಡ್ ಎಲ್ಲರದ್ದಾಗಿತ್ತಲ್ಲ, ಅದನ್ನು ತೆಗೆದುಕೊಂಡು ಮುಂದಿನ ತಿಂಗಳೇ ಹೊಸ ಹೆಸರಿನಲ್ಲಿ ಬಿಟ್ಟರು. ಜೂಮ್ಲಾ ಎಂಬುದು ಆಫ್ರಿಕದ ಸ್ವಾಹಿಲಿ ಭಾಷೆಯ ‘ಜುಮ್ಲಾ’ದಿಂದ ಬಂದದ್ದು, ‘ಎಲ್ಲರೂ ಸೇರಿ’ ಎಂಬ ಅರ್ಥ. ಹಳೆಯ ಲೆಕ್ಕದ ಕಡತ ನೋಡಿದವರಿಗೆ ಜುಮ್ಲಾ ಎಂಬ ಮಾತು ಗೊತ್ತಿರುತ್ತದೆ, ಒಟ್ಟು ಮೊತ್ತ ಅಂತ. ಎರಡೂ ಅರಬ್ಬಿಯ ಒಂದೇ ಬೇರಿನವು. ಹೆಸರು ಉಳಿಸಿಕೊಂಡ ಮಾಂಬೋ ಕೆಲವೇ ವರ್ಷಗಳಲ್ಲಿ ಸೊರಗಿತು.

ಮುಯ್ಯಾಳಿನ ಲೆಕ್ಕ ನಿಮಗೆ ಹೊಸದಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಇಲ್ಲಿಯೂ ಸುಮಾರಾಗಿ ಹಾಗೇ. ಒಬ್ಬ ತನ್ನ ಗಿರಾಕಿಗೆ ಬೇಕಾಯಿತು ಅಂತ ಒಂದು ಭಾಗ ಬರೆಯುತ್ತಾನೆ. ಅದನ್ನು ಬಚ್ಚಿಟ್ಟುಕೊಂಡರೆ ಮುಂದಿನ ಅಪ್‌ಡೇಟಿನಲ್ಲೆಲ್ಲ ತಾನೊಬ್ಬನೇ ಅದನ್ನು ಹೊಂದಿಸುತ್ತ ಕೂರಬೇಕು. ಎಲ್ಲರದರಲ್ಲಿ ಸೇರಿಸಿದರೆ ಎಲ್ಲರೂ ಸೇರಿ ನೋಡಿಕೊಳ್ಳುತ್ತಾರೆ. ಇದು ದಾನಧರ್ಮ ಅಲ್ಲ, ಲೆಕ್ಕಾಚಾರ. ಎಲ್ಲರೂ ಬಿಟ್ಟಿ ದುಡಿಯುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. ಮುಲ್ಲನ್‌ವೆಗ್ 2005ರಲ್ಲಿ ಆಟೊಮ್ಯಾಟಿಕ್ ಎಂಬ ಕಂಪನಿ ಕಟ್ಟಿದರು, ಬೈಟಾರ್ಟ್ 2007ರಲ್ಲಿ ಆಕ್ವಿಯಾ ಕಟ್ಟಿದರು. ಇಂಥ ಕಂಪನಿಗಳು, ಹೋಸ್ಟಿಂಗ್ (ಸೈಟ್ ಇಡಲು ಇಂಟರ್‌ನೆಟ್‌ನಲ್ಲಿ ಬಾಡಿಗೆ ಜಾಗ) ಮಾರುವವರು ಸಂಬಳ ಕೊಟ್ಟು ಜನ ಇಟ್ಟು ಈ ಕೋಡ್ ಬರೆಸುತ್ತಾರೆ. ಸಾಫ್ಟ್‌ವೇರ್ ಚೆನ್ನಾಗಿದ್ದರೆ ಅವರ ಅಂಗಡಿ ನಡೆಯುತ್ತದೆ. ಅದರ ಜೊತೆಗೆ ಸಂಬಳ ಇಲ್ಲದೆ ರಾತ್ರಿ ಕೂತು ಬರೆಯುವವರೂ ಇದ್ದಾರೆ. ವರ್ಡ್‌ಪ್ರೆಸ್‌ನ ಮೆನುಗಳಲ್ಲಿ ಕನ್ನಡ ಕಾಣುತ್ತದೆ ಅಂದರೆ ಅದು ಹೀಗೆ ಬಿಡುವಿನಲ್ಲಿ ಅನುವಾದ ಮಾಡಿದವರ ಶ್ರಮ.

ಇದು ಇಷ್ಟು ಬೆಳೆದದ್ದು ಹೇಗೆ ಎಂಬುದಕ್ಕೆ ನನ್ನ ಉತ್ತರ ಒಂದೇ ಶಬ್ದ, ಪ್ಲಗಿನ್. ಮೂಲ ಸಾಫ್ಟ್‌ವೇರ್ ಮುಟ್ಟದೆ ಹೊರಗಿನಿಂದ ಹೊಸ ಸೌಕರ್ಯ ಜೋಡಿಸುವ ಕೊಂಡಿ ಅದು. 2004ರಲ್ಲಿ ವರ್ಡ್‌ಪ್ರೆಸ್‌ಗೆ ಬಂತು. ಮರುವರ್ಷ ಥೀಮ್ ಬಂತು, ಅಂದರೆ ಸೈಟಿನ ವೇಷ ಬದಲಿಸುವ ಸೌಕರ್ಯ. ಯಕ್ಷಗಾನದ ಚೌಕಿಯಲ್ಲಿ ವೇಷ ಬದಲಾದರೆ ಭಾಗವತರು ಬದಲಾಗಬೇಕಿಲ್ಲವಲ್ಲ, ಹಾಗೆ. ಅದೇ 2004ರಲ್ಲಿ ಮೂವಬಲ್ ಟೈಪ್ ಎಂಬ ಪ್ರತಿಸ್ಪರ್ಧಿ ಸಾಫ್ಟ್‌ವೇರ್ ತನ್ನ ಪರವಾನಗಿ ಮತ್ತು ದರ ಬದಲಿಸಿತು. ಸಿಟ್ಟಾದವರು ಗುಂಪುಗುಂಪಾಗಿ ಇಲ್ಲಿಗೆ ಬಂದರು. ಇವತ್ತು ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ವರ್ಡ್‌ಪ್ರೆಸ್‌ನಲ್ಲಿವೆ. ಪ್ಲಗಿನ್‌ಗಳ ಸಂಖ್ಯೆ 50,000 ದಾಟಿದೆ.

ಬೆಳೆಸಿದ್ದು ಯಾವುದೋ, ರೋಗ ಬರುವುದೂ ಅಲ್ಲಿಂದಲೇ. ಮೂಲ ವರ್ಡ್‌ಪ್ರೆಸ್‌ಗೆ ಒಂದು ಭದ್ರತಾ ತಂಡ ಇದೆ. ಪ್ಲಗಿನ್‌ಗಳಲ್ಲಿ ಎಷ್ಟೋ ಒಬ್ಬರೇ ಬರೆದು ಮರೆತದ್ದು. ನನ್ನ ಹತ್ತಿರ ರಿಪೇರಿಗೆ ಬರುವ ಸೈಟುಗಳಲ್ಲಿ ಬಹುಪಾಲು ಕಳ್ಳತನ ಹಳೆಯ ಪ್ಲಗಿನ್‌ನಿಂದ ಆದದ್ದು. ಇನ್ನಷ್ಟು ಕದ್ದ ಥೀಮ್‌ನಿಂದ. ದುಡ್ಡು ಕೊಟ್ಟು ಕೊಳ್ಳಬೇಕಾದ ಥೀಮ್ ಎಲ್ಲೋ ಬಿಟ್ಟಿ ಸಿಕ್ಕಿತು ಅಂತ ಹಾಕಿಕೊಂಡಿರುತ್ತಾರೆ. ಅದರೊಳಗೆ ಹಿಂಬಾಗಿಲು ಇಟ್ಟೇ ಹಂಚಿರುತ್ತಾರೆ. ನಿಮ್ಮ ಅತ್ತೆಯ ಮಾತು ಇಲ್ಲಿ ಮಾತ್ರ ಅಕ್ಷರಶಃ ಸರಿ. ಓಪನ್ ಸೋರ್ಸ್ ಪುಕ್ಕಟೆ ಬೇರೆ, ಕದ್ದದ್ದು ಪುಕ್ಕಟೆ ಸಿಕ್ಕುವುದು ಬೇರೆ. ಪುಣೆಯ ತಮ್ಮನಿಗೆ ಇದೊಂದನ್ನು ಕೇಳಿ: ಥೀಮ್ ಎಲ್ಲಿಂದ ತಂದದ್ದು?

ಕೋರ್ಟಿನ ಜಗಳ ನಿಜ. 2024ರ ಸೆಪ್ಟೆಂಬರ್‌ನಲ್ಲಿ ಮುಲ್ಲನ್‌ವೆಗ್‌ಗೂ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ಬಹಿರಂಗ ಜಗಳವಾಯಿತು. ಅಪ್‌ಡೇಟ್, ಪ್ಲಗಿನ್ ಎಲ್ಲ ಬರುವ ವರ್ಡ್‌ಪ್ರೆಸ್‌ನ ಮುಖ್ಯ ತಾಣಕ್ಕೆ ಆ ಕಂಪನಿಗೆ ಪ್ರವೇಶ ಇಲ್ಲ ಎಂದು ಬಾಗಿಲು ಹಾಕಿದರು. ಅವರ ಗಿರಾಕಿಗಳು ಏನೂ ತಪ್ಪು ಮಾಡದೆ ನಡುವೆ ಸಿಕ್ಕಿಕೊಂಡರು. ಅಕ್ಟೋಬರ್‌ನಲ್ಲಿ ಕಂಪನಿ ಕೋರ್ಟಿಗೆ ಹೋಯಿತು, ಡಿಸೆಂಬರ್‌ನಲ್ಲಿ ಕೋರ್ಟು ಪ್ರವೇಶ ಮತ್ತೆ ಕೊಡಿ ಎಂದು ಮಧ್ಯಂತರ ಆದೇಶ ಮಾಡಿತು. ನಿಮ್ಮಂಥ ಸೈಟು ಇದರಿಂದ ಒಂದು ದಿನವೂ ಮುಚ್ಚಲಿಲ್ಲ. ನಾಳೆ ಮುಲ್ಲನ್‌ವೆಗ್ ಮನಸ್ಸು ಬದಲಿಸಿದರೂ ಈಗಿರುವ ಕೋಡನ್ನು ವಾಪಸ್ ಕಿತ್ತುಕೊಳ್ಳಲು ಬರುವುದಿಲ್ಲ. ಬಿ2ವಿಗೆ ಆದದ್ದೇ ಮತ್ತೆ ಆಗುತ್ತದೆ, ಬೇರೆಯವರು ಎತ್ತಿಕೊಂಡು ಹೋಗುತ್ತಾರೆ. ಆದರೆ ಎಲ್ಲರೂ ಕಟ್ಟಿದ ಊರಿನ ಬಾವಿಯ ಹಗ್ಗ ಒಬ್ಬರ ಮನೆಯಲ್ಲೇ ಇದೆ ಎಂಬುದು ಆ ಜಗಳದಲ್ಲಿ ಗೊತ್ತಾಯಿತು. ನನಗೆ ಅದು ಸರಿ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸುವುದಿಲ್ಲ.

ಈಗ ನೀವೇನು ಮಾಡಬಹುದು ನೋಡೋಣ.

ಕಂಪನಿಯವರ ‘ಸ್ವಂತ ಸಾಫ್ಟ್‌ವೇರ್’ ತೆಗೆದುಕೊಳ್ಳುವುದು ಒಂದು ದಾರಿ. ಅದು ತಪ್ಪೇ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಕೆಲಸ ಮಾಡುವವರೂ ಇದ್ದಾರೆ. ಆದರೆ ಸಹಿ ಹಾಕುವ ಮೊದಲು ಕೇಳಿ. ನಾಳೆ ನೀವು ಅಂಗಡಿ ಮುಚ್ಚಿದರೆ ಕೋಡ್ ನಮಗೆ ಕೊಡುತ್ತೀರಾ? ಬೇರೆಯವರು ಅದನ್ನು ತಿದ್ದಬಹುದಾ? ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಲ್ಲಿ ಇರುತ್ತದೆ? ಗೋಕರ್ಣದ ಕಡೆಯ ಲಾಡ್ಜ್ ಮಾಲೀಕರೊಬ್ಬರು ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಬಂದಿದ್ದರು. ಸೈಟ್ ಮಾಡಿಕೊಟ್ಟ ಕಂಪನಿ ಬಾಗಿಲು ಹಾಕಿತ್ತು. ಕೋಡ್ ಇಲ್ಲ, ಫೋಟೋ ಇಲ್ಲ, ಡೊಮೇನ್ ಕೂಡ ಕಂಪನಿಯ ಹೆಸರಲ್ಲೇ. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಅಚ್ಚು ಹಾಕಿಸಿದ ವಿಳಾಸವೇ ಅವರದ್ದಲ್ಲ. ಅಲ್ಲಿ ತೂತು ಮುಚ್ಚಲು ಜಗತ್ತಿನಲ್ಲಿ ಬೇರೆ ಯಾರೂ ಇಲ್ಲ. ಇನ್ನೊಂದು ತಮಾಷೆ ಹೇಳುತ್ತೇನೆ. ‘ಸ್ವಂತ ಸಾಫ್ಟ್‌ವೇರ್’ ಅಂತ ಮಾರಿದ್ದನ್ನು ಬಿಚ್ಚಿ ನೋಡಿದರೆ ಒಳಗೆ ವರ್ಡ್‌ಪ್ರೆಸ್ಸೇ ಕೂತಿದ್ದದ್ದನ್ನು ನಾನು ಎರಡು ಮೂರು ಸಲ ಕಂಡಿದ್ದೇನೆ. ಅದನ್ನು ಬಳಸಿ ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ, ಜಿಪಿಎಲ್ ಬಿಡುತ್ತದೆ. ತನ್ನದೇ ಅಂತ ಹೇಳುವುದು ಮಾತ್ರ ಸುಳ್ಳು.

ಬಾಡಿಗೆ ಮನೆ ಇನ್ನೊಂದು ದಾರಿ. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಸೈಟ್ ನಡೆಸಿಕೊಡುವ ದೊಡ್ಡ ಕಂಪನಿಗಳಿವೆ. ಅಪ್‌ಡೇಟ್, ಭದ್ರತೆ ಅವರ ತಲೆನೋವು. ಸಂಘದಲ್ಲಿ ಯಾರಿಗೂ ಇದರ ಗೊಡವೆ ಬೇಡ ಅಂದರೆ ಇದು ನಾಚಿಕೆಪಡುವ ಆಯ್ಕೆ ಅಲ್ಲ. ಮನೆ ಬಿಡುವಾಗ ಗೋಡೆ ಹೊತ್ತುಕೊಂಡು ಹೋಗಲಾಗದು, ಅಷ್ಟೇ. ಗೂಗಲ್ ಕೂಡ ಅಂಗಡಿಯವರಿಗೆ ಪುಕ್ಕಟೆಯಾಗಿ ಒಂದು ಪುಟದ ಸೈಟ್ ಮಾಡಿಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿತು. ಅದು ಓಪನ್ ಸೋರ್ಸ್ ಅಲ್ಲ, ಆದ್ದರಿಂದ ಯಾರೂ ಎತ್ತಿಕೊಂಡು ಮುಂದುವರಿಸಲು ಬರಲಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇದ್ದದ್ದನ್ನೇ ತೊಳೆದು ಇಟ್ಟುಕೊಳ್ಳುತ್ತಿದ್ದೆ. ಅದಕ್ಕೊಂದು ಕಾರಣ ಇದೆ. ನಿಮ್ಮ ಆರ್ಡರ್ ಎಲ್ಲ ಫೋನ್ ಮತ್ತು ವಾಟ್ಸಾಪ್‌ನಲ್ಲಿ ಬರುತ್ತದೆ ಅಂತ ಸೈಟಿನಲ್ಲೇ ಬರೆದಿದ್ದೀರಿ. ಆದರೂ ಅಲ್ಲಿ ಆನ್‌ಲೈನ್ ಅಂಗಡಿಯ ಪ್ಲಗಿನ್ ಇದೆ, ಅದರ ಸುತ್ತ ಇನ್ನೂ ಆರೇಳು ಪ್ಲಗಿನ್. ಯಾರೂ ಬಳಸದ ಬುಟ್ಟಿ. ಅದಷ್ಟೂ ಕಳ್ಳರಿಗೆ ಬಾಗಿಲು.

ತೊಳೆಯುವುದು ಒಂದು ದಿನದ ಕೆಲಸ. ಗೊತ್ತಿದ್ದವರಿಂದ ಮಾಡಿಸಿ. ಏನೇನು ಮಾಡಬೇಕು ಅಂತ ನಿಮಗೂ ಗೊತ್ತಿರಲಿ, ಇಲ್ಲದಿದ್ದರೆ ಮೇಲೆ ಮೇಲೆ ಒರೆಸಿ ಬಿಲ್ ಕೊಡುತ್ತಾರೆ. ಮೊದಲು ಇದ್ದ ಸ್ಥಿತಿಯಲ್ಲೇ ಒಂದು ಪೂರ್ತಿ ಪ್ರತಿ ತೆಗೆದಿಡಬೇಕು, ಏನಾದರೂ ತಪ್ಪಿದರೆ ಬೇಕಾಗುತ್ತದೆ. ಆಮೇಲೆ ವರ್ಡ್‌ಪ್ರೆಸ್‌ನ ಮೂಲ ಕಡತಗಳನ್ನೆಲ್ಲ ತೆಗೆದು ಅಧಿಕೃತ ತಾಣದಿಂದ ತಂದ ಹೊಸ ಆವೃತ್ತಿ ಹಾಕಬೇಕು. ಪ್ಲಗಿನ್, ಥೀಮ್ ಹಾಗೇ ಉಳಿಸಿಕೊಳ್ಳಬಾರದು. ಬೇಕಾದ ಒಂದೆರಡನ್ನು ಮಾತ್ರ ಹೊಸದಾಗಿ ತರಬೇಕು. ಫೋಟೋ ಇಡುವ ಫೋಲ್ಡರ್‌ನಲ್ಲಿ ಫೋಟೋ ಮಾತ್ರ ಇರಬೇಕು. ಅಲ್ಲಿ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) ಕಡತ ಸಿಕ್ಕಿತೋ, ಸಾಮಾನ್ಯವಾಗಿ ಅದೇ ಕಳ್ಳನ ಅಡಗುತಾಣ. ಬಳಕೆದಾರರ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಅಡ್ಮಿನ್ ಹೆಸರಿದ್ದರೆ ಕಿತ್ತುಹಾಕಿ. ಸೈಟಿನ ಬರಹವೆಲ್ಲ ಕೂಡಿಟ್ಟಿರುವ ಡೇಟಾಬೇಸ್ ಒಳಗೂ ನೋಡಬೇಕು. ಪಾಸ್‌ವರ್ಡ್ ಎಲ್ಲವೂ ಬದಲಾಗಬೇಕು, ವರ್ಡ್‌ಪ್ರೆಸ್‌ನದು ಮಾತ್ರವಲ್ಲ, ಹೋಸ್ಟಿಂಗ್‌ನದು, ಡೇಟಾಬೇಸಿನದು, ಇಮೇಲಿನದು ಕೂಡ. ಹೋಸ್ಟಿಂಗ್‌ನವರ ಬಳಿ ಪಿಎಚ್‌ಪಿ ಆವೃತ್ತಿ ಯಾವುದು ಅಂತ ಕೇಳಿ. ಆರು ವರ್ಷದ ಹಿಂದಿನದೇ ಇದ್ದರೆ ಅದಕ್ಕೆ ಮದ್ದೇ ಬರುವುದು ನಿಂತಿದೆ. ಕೊನೆಗೆ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ನಿಮ್ಮದು ಅಂತ ತೋರಿಸಿ, ಅಲ್ಲಿ ಭದ್ರತೆಯ ಎಚ್ಚರಿಕೆ ಇದ್ದರೆ ಮತ್ತೆ ಪರಿಶೀಲಿಸಲು ಕೇಳಿಕೊಳ್ಳಬೇಕು. ಜಪಾನಿ ಪುಟಗಳು ಹುಡುಕಾಟದಿಂದ ಪೂರ್ತಿ ಮಾಯವಾಗಲು ವಾರಗಟ್ಟಲೆ ಹಿಡಿಯಬಹುದು, ಗಾಬರಿಯಾಗಬೇಡಿ.

ಆಮೇಲೆ ಯಾರು ನೋಡಿಕೊಳ್ಳುತ್ತಾರೆ? ಇದೇ ದೊಡ್ಡ ಪ್ರಶ್ನೆ. ಮದ್ದು ಇದ್ದರೂ ಕೊನೆಗೌಡ ಸಿಗದೆ ತೋಟ ಹಾಳಾಗುವುದನ್ನು ನೀವು ನೋಡಿದ್ದೀರಿ. ಇಲ್ಲಿ ಮರ ಹತ್ತುವ ಕೆಲಸ ಇಲ್ಲ ಅಂತ ಸಮಾಧಾನ. ಹದಿನಾಲ್ಕು ಜನರಲ್ಲಿ ಫೋನ್ ಚೆನ್ನಾಗಿ ಬಳಸುವ ಒಬ್ಬರಿಗೆ ವಹಿಸಿ. ತಾನಾಗಿ ಆಗುವ ಅಪ್‌ಡೇಟ್ ಮತ್ತೆ ಶುರು ಮಾಡಿಸಿ. ತಿಂಗಳಿಗೊಮ್ಮೆ, ಸಂಘದ ಮೀಟಿಂಗ್ ದಿನವೇ ಇರಲಿ, ಒಳಗೆ ಹೋಗಿ ಕೆಂಪು ಗುರುತು ಏನಾದರೂ ಇದೆಯಾ ನೋಡುವುದು, ಒಂದು ಬ್ಯಾಕಪ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕುವುದು. ಅರ್ಧ ಗಂಟೆ. ಮಳೆಗಾಲದಲ್ಲಿ ಕರೆಂಟ್, ಟವರ್ ಎರಡೂ ಹೋದರೆ ಮುಂದಿನ ವಾರ ಮಾಡಿ, ಆಕಾಶ ಬೀಳುವುದಿಲ್ಲ. ಆರು ವರ್ಷ ಬಿಡಬೇಡಿ ಅಷ್ಟೇ. ವರ್ಷಕ್ಕೆ ಹೋಸ್ಟಿಂಗ್‌ಗೆ ಕೆಲವು ಸಾವಿರ, ಡೊಮೇನ್‌ಗೆ ಸಾವಿರದ ಆಸುಪಾಸು. ತೊಳೆಯುವ ಕೂಲಿ ಒಂದು ಸಲದ್ದು.

ಅಷ್ಟೂ ಆಗದು ಅಂದರೆ ಇನ್ನೊಂದು ಸರಳ ದಾರಿ ಇದೆ. ಡೇಟಾಬೇಸ್ ಇಲ್ಲದ, ಲಾಗಿನ್ನೇ ಇಲ್ಲದ, ಬರೀ ಪುಟಗಳ ಸೈಟ್. ಹ್ಯೂಗೋ, ಜೆಕಿಲ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳು ಅಂಥದ್ದನ್ನು ಮಾಡಿಕೊಡುತ್ತವೆ. ನುಗ್ಗಲು ಬಾಗಿಲೇ ಹೆಚ್ಚು ಇರುವುದಿಲ್ಲ. ಹತ್ತು ಸಾಮಾನಿನ ಫೋಟೋ, ಬೆಲೆ, ಫೋನ್ ನಂಬರ್ ಹಾಕಲು ಅಷ್ಟು ಸಾಕು. ತೊಂದರೆ ಏನೆಂದರೆ ಬೆಲೆ ಬದಲಿಸಬೇಕಾದಾಗ ಪ್ರತಿಸಲ ಗೊತ್ತಿದ್ದವರನ್ನೇ ಹುಡುಕಬೇಕು. ನೀವು ಮತ್ತೆ ಪುಣೆಗೆ ಫೋನ್ ಮಾಡುತ್ತ ಕೂರುವುದು ನನಗೆ ಇಷ್ಟವಿಲ್ಲ.

ಯಾವ ದಾರಿ ಹಿಡಿದರೂ ಇವತ್ತೇ ಒಂದು ನೋಡಿ. ಡೊಮೇನ್ ಯಾರ ಹೆಸರಲ್ಲಿ, ಯಾರ ಇಮೇಲ್‌ನಲ್ಲಿ ನೋಂದಣಿಯಾಗಿದೆ? ತಮ್ಮನ ಹೆಸರಲ್ಲಿದ್ದರೆ, ಅವನು ಫೋನ್ ಎತ್ತಿದ ದಿನವೇ ಸಂಘದ ಹೆಸರಿಗೆ ಮಾಡಿಸಿಕೊಳ್ಳಿ. ಸಾಫ್ಟ್‌ವೇರ್ ಯಾರಾದರೂ ಮತ್ತೆ ಕೊಡುತ್ತಾರೆ, ವಿಳಾಸ ಹೋದರೆ ಹೋಯಿತು.

ಇನ್ನು ಒಡೆದ ಕನ್ನಡ. ನಿಮ್ಮ ಬೆಲೆಪಟ್ಟಿಯನ್ನು ಯಾರೋ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಹಾಗೇ ಅಂಟಿಸಿದ್ದಾರೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ವೇಷ ತೊಡಿಸುತ್ತವೆ. ಆ ಫಾಂಟ್ ಇಲ್ಲದ ಫೋನ್‌ನಲ್ಲಿ ವೇಷ ಕಳಚಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಈಗಿನ ಎಲ್ಲ ಫೋನ್‌ಗಳೂ ಓದುವ ಯುನಿಕೋಡ್ ಎಂಬ ಅಕ್ಷರ ಪದ್ಧತಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಅವುಗಳಲ್ಲಿ ಕೆಲವು ಓಪನ್ ಸೋರ್ಸೇ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಿಟ್ಟು ನೋಡಿ, ಅಲ್ಲಲ್ಲಿ ತಪ್ಪುತ್ತದೆ. ನಾನು ನಿಮ್ಮ ಪಟ್ಟಿಯನ್ನು ಕುತೂಹಲಕ್ಕೆ ಬದಲಿಸಿ ಓದಿದೆ. ಅದರಲ್ಲಿ ಜೋನಿಬೆಲ್ಲದ ಬೆಲೆ ಇನ್ನೂ 2019ರದ್ದೇ ಇದೆ. ಅದನ್ನು ನೋಡಿ ಯಾರಾದರೂ ಹತ್ತು ಡಬ್ಬಿ ಆರ್ಡರ್ ಮಾಡುವ ಮೊದಲು ಸರಿಮಾಡಿ.